ಪರದೇಶದ ಸಸಿಗೆ ತೆಳುವಸ್ತ್ರದ ಆಸರೆ

ಅತಿಥಿಯನ್ನು ಮನೆಗೆ ಕರೆತರುವುದು ಸುಲಭ. ಕರೆತಂದ ಅತಿಥಿಯನ್ನು ಋತುಮಾನಗಳ ಏರುಪೇರಿನಲ್ಲಿ ಕಾಪಾಡಿಕೊಳ್ಳುವುದು ಕಷ್ಟ. ಈ ಮಾತು ಮನುಷ್ಯರಿಗೆ ಸಲ್ಲುವಂತೆಯೇ ಗಿಡಬಳ್ಳಿಗಳಿಗೂ ಸಲ್ಲುತ್ತದೆ. ಬಿಸಿಲುನಾಡಿನಲ್ಲಿ ಹುಟ್ಟಿ ಬೆಳೆದ ಬಾಳೆ, ಕರಿಬೇವು, ಮಲ್ಲಿಗೆ ಮೊದಲಾದವುಗಳನ್ನು ಶೀತದೇಶದ ಹಿತ್ತಿಲಿಗೆ ಒಯ್ದು ನೆಟ್ಟವನು, ಅವುಗಳ ಹೂವನ್ನೂ ಹಸುರನ್ನೂ ಬಯಸುವಷ್ಟೇ ಶ್ರದ್ಧೆಯಿಂದ ಅವುಗಳ ಚಳಿಗಾಲದ ಭಾರವನ್ನೂ ಹೊರಬೇಕಾಗುತ್ತದೆ. ಇಂಗ್ಲೆಂಡಿನ ತೋಟಗಾರರು ಕಳೆದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಭಾರವನ್ನು ಹೊತ್ತುಕೊಂಡು ಬಂದಿದ್ದಾರೆ. ಅವರ ಅನುಭವದಲ್ಲಿ, ಹೊರನಾಡಿನಲ್ಲಿ ಸಂಸಾರ ಹೂಡಿರುವ ನಮ್ಮ ಮಕ್ಕಳಿಗೂ, ಅವರ ಮನೆಗಳಿಗೆ ಹೋಗಿಬರುವ ಹಿರಿಯರಿಗೂ ಉಪಯುಕ್ತವಾದ ವಿಚಾರಗಳು ಬಹಳಷ್ಟಿವೆ. ಈ ತಿಂಗಳು ಅವನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ಮೊದಲು ಹಿಮವೆಂದರೆ ಯಾವುದು ಎಂಬುದನ್ನು ತಿಳಿಯಬೇಕು. ಆಕಾಶದಿಂದ ಹತ್ತಿಯಂತೆ ಉದುರುವ ಹಿಮ ಒಂದು ಬಗೆ. ಯಾವ ಸದ್ದೂ ಇಲ್ಲದೆ, ಯಾವ ಮೋಡವೂ ಇಲ್ಲದೆ, ನೆಲದ ಮೇಲೆಯೂ ಎಲೆಯ ಮೇಲೆಯೂ ತಾನಾಗಿ ಹುಟ್ಟಿಕೊಳ್ಳುವ ಹಿಮ ಇನ್ನೊಂದು ಬಗೆ. ಇಂಗ್ಲಿಷರು ಫ್ರಾಸ್ಟ್ ಎಂದು ಕರೆಯುವ ಈ ಎರಡನೆಯದನ್ನು ನಾವು ಇಲ್ಲಿ ಹೆಪ್ಪುಹಿಮ ಎಂದು ಕರೆಯೋಣ. ನಮ್ಮಲ್ಲಿ ಇಬ್ಬನಿ ಕೂರುವ ಜಾಗದಲ್ಲಿ ಅಲ್ಲಿ ಬಿಳಿಯ ಉಪ್ಪನ್ನು ಚೆಲ್ಲಿದಂತೆ ಹರಳುಗಳು ಮೂಡಿರುತ್ತವೆ. ಉದುರುವ ಹಿಮಕ್ಕಿಂತ ಈ ಹೆಪ್ಪುಹಿಮವೇ ಕೋಮಲ ಸಸ್ಯಗಳಿಗೆ ಹೆಚ್ಚಿನ ಶತ್ರು. ಉದುರಿದ ಹಿಮ ಕೊಂಬೆಗಳನ್ನು ಮುರಿಯಬಹುದಾದರೂ ನೆಲಕ್ಕೆ ಕಂಬಳಿಯಂತೆ ಹೊದ್ದುಕೊಂಡು ಬೇರುಗಳನ್ನು ಸ್ವಲ್ಪಮಟ್ಟಿಗೆ ಕಾಯುವುದೂ ಉಂಟು. ಹೆಪ್ಪುಹಿಮಕ್ಕೆ ಅಂತಹ ದಾಕ್ಷಿಣ್ಯವಿಲ್ಲ.

ಅದು ಗಿಡವನ್ನು ಕೊಲ್ಲುವ ಬಗೆಯೂ ವಿಚಿತ್ರವಾದುದು. ಎಲೆಯೊಳಗಿನ ಜೀವಕೋಶಗಳ ನಡುವಣ ಸಂದುಗಳಲ್ಲಿರುವ ನೀರು ಮೊದಲು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಹರಳು ಪಕ್ಕದ ಕೋಶಗಳೊಳಗಿನ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತ ಬೆಳೆಯುತ್ತದೆ. ಕೋಶ ಒಣಗುತ್ತದೆ, ಕುಗ್ಗುತ್ತದೆ, ಅದರ ಪೊರೆ ಹರಿಯುತ್ತದೆ. ಹೊರಗೆ ಎಲ್ಲೆಲ್ಲೂ ನೀರಿನ ಅಂಶವಿದ್ದರೂ ಒಳಗೆ ಗಿಡ ಬಾಯಾರಿ ಸಾಯುತ್ತದೆಂದು ಹೇಳಿದರೆ ತಪ್ಪಾಗದು. ಬೆಳಿಗ್ಗೆ ಬಿಸಿಲು ಬಿದ್ದಾಗ ಹರಳು ಕರಗಿ, ಆ ಎಲೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತದೆ. ಶೀತದೇಶದ ಮರಗಳು ಶರತ್ಕಾಲದಲ್ಲಿಯೇ ಎಲೆ ಉದುರಿಸಿ, ತಮ್ಮ ಕೋಶರಸದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಂಡು ಈ ಸಂಕಟಕ್ಕೆ ಸಿದ್ಧವಾಗುತ್ತವೆ. ಬಿಸಿಲುನಾಡಿನ ಸಸ್ಯಕ್ಕೆ ಆ ವಿದ್ಯೆ ಹುಟ್ಟಿನಿಂದ ಬಂದಿಲ್ಲ. ಅದಕ್ಕೆ ಬಾರದ ವಿದ್ಯೆಯನ್ನು ಅದನ್ನು ತಂದವನು ಕಲಿಯಬೇಕು.

ಇಂಗ್ಲೆಂಡಿನ ಸಿರಿವಂತರು ಈ ಸಮಸ್ಯೆಗೆ ಹಣದ ಪರಿಹಾರವನ್ನು ಹುಡುಕಿದರು. ಕಿತ್ತಳೆ, ನಿಂಬೆಗಳನ್ನು ಚಳಿಗಾಲದಲ್ಲಿ ಇರಿಸಲು ಕಲ್ಲುಕಟ್ಟಡಗಳನ್ನು ಕಟ್ಟಿಸಿದರು; ಮುಂದೆ ಗಾಜಿನ ಮನೆಗಳನ್ನೇ ನಿರ್ಮಿಸಿದರು. ಡರ್ಬಿಶೈರ್ ಪ್ರಾಂತದ ಚಾಟ್ಸ್‌ವರ್ತ್ ಎಂಬಲ್ಲಿ ಡೆವನ್‌ಶೈರ್ ಡ್ಯೂಕರ ಅರಮನೆಯ ತೋಟದಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರನು ೧೮೩೬ರಲ್ಲಿ ಕಟ್ಟಲಾರಂಭಿಸಿದ ಮಹಾ ಗಾಜಿನಮನೆ ೨೭೭ ಅಡಿ ಉದ್ದ, ೧೨೩ ಅಡಿ ಅಗಲವಿತ್ತು. ಅದನ್ನು ಬೆಚ್ಚಗಿಡಲು ಎಂಟು ಬಾಯ್ಲರುಗಳು ಬೇಕಾಗಿದ್ದವು. ಕಲ್ಲಿದ್ದಲಿನ ಧೂಳು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ನೆಲದಡಿಯ ಸುರಂಗದೊಳಗೆ ಹಳಿ ಹಾಕಿ ಇದ್ದಿಲನ್ನು ಸಾಗಿಸುತ್ತಿದ್ದರು. ಇದೇ ಪ್ಯಾಕ್ಸ್‌ಟನ್ ೧೮೫೧ರಲ್ಲಿ ಲಂಡನ್ನಿನ ಸ್ಫಟಿಕಸೌಧವನ್ನು ರೂಪಿಸಿದನು. ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ೧೮೮೯ರಲ್ಲಿ ಅಡಿಗಲ್ಲು ಹಾಕಲಾದ ಗಾಜಿನಮನೆಗೆ ಆ ಸೌಧವೇ ಸ್ಫೂರ್ತಿಯೆಂಬುದನ್ನು ಅನೇಕ ಓದುಗರು ಬಲ್ಲರು. ಬೆಂಗಳೂರಿನ ಗಾಜಿನಮನೆಗೆ ಬಾಯ್ಲರಿನ ಹಂಗಿಲ್ಲ. ಅದು ಪುಷ್ಪಪ್ರದರ್ಶನದ ಮಂಟಪವಾಗಿ ಇಂದಿಗೂ ನಿಂತಿದೆ. ಚಾಟ್ಸ್‌ವರ್ತಿನ ಮನೆಯ ಗತಿ ಹಾಗಾಗಲಿಲ್ಲ. ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧದ ಕಾಲದಲ್ಲಿ ಇದ್ದಿಲು ದುರ್ಲಭವಾಯಿತು. ಬಾಯ್ಲರುಗಳು ಆರಿದವು. ದೇಶದೇಶಗಳಿಂದ ತಂದು ಸಾಕಿದ್ದ ಗಿಡಗಳು ಚಳಿಯಲ್ಲಿ ಸತ್ತುಹೋದವು. ೧೯೨೦ರಲ್ಲಿ ಆ ಕಟ್ಟಡವನ್ನೇ ಕೆಡವಲಾಯಿತು. ಕೊಂಡುತಂದ ಶಾಖ ಕೊಳ್ಳುವ ಶಕ್ತಿ ಇರುವವರೆಗೆ ಮಾತ್ರ ಕಾಯುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಅದೇ ದೇಶದಲ್ಲಿ ಬಾಯ್ಲರನ್ನು ಕನಸಿನಲ್ಲಿಯೂ ಕಾಣದ ಸಾಮಾನ್ಯ ತೋಟಗಾರನು ಏನು ಮಾಡುತ್ತಿದ್ದನು? ಸಂಜೆಯಾಗುತ್ತಲೇ ಒಂದು ತೆಳುವಾದ ಚಾಪೆಯನ್ನು ಗಿಡದ ಮೇಲೆ ಗೂಡಿನಂತೆ ಹೊದಿಸುತ್ತಿದ್ದನು, ಬೆಳಿಗ್ಗೆ ತೆಗೆಯುತ್ತಿದ್ದನು. ಇಷ್ಟೇ ಅವನ ವಿದ್ಯೆ. ನೋಡಿದವರಿಗೆ ಇದು ನಗೆಪಾಟಲಿನ ಸಂಗತಿಯೆಂದು ತೋರುತ್ತಿತ್ತು. ಚಾಪೆಯ ಒಳಗೂ ಗಾಳಿಯುಂಟು, ಹೊರಗೂ ಗಾಳಿಯುಂಟು. ಸಂದುಗಳಿಂದ ಗಾಳಿ ಸುಳಿದಾಡುತ್ತಿರುವಾಗ ಒಳಗಿನ ಗಿಡ ಹೊರಗಿನಷ್ಟೇ ತಣ್ಣಗಾಗದೆ ಇರುವುದು ಹೇಗೆ ಎಂಬ ಪ್ರಶ್ನೆ ತರ್ಕಬದ್ಧವಾಗಿಯೇ ಇದೆ. ಹೀಗೆ ನಕ್ಕವರಲ್ಲಿ ಒಬ್ಬರು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು. ಅಮೆರಿಕೆಯ ಚಾರ್ಲ್ಸ್‌ಟನ್ನಿನಲ್ಲಿ ೧೭೫೭ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದವರು. ಇಬ್ಬನಿ ಹೇಗೆ ಹುಟ್ಟುತ್ತದೆಂಬ ಜಿಜ್ಞಾಸೆ ಅವರನ್ನು ಕಾಡಿತು. ಲಂಡನ್ನಿನ ಹೊರವಲಯದ ಒಂದು ತೋಟದಲ್ಲಿ ಅವರು ಅನೇಕ ರಾತ್ರಿಗಳನ್ನು ಉಷ್ಣಮಾಪಕಗಳೊಡನೆಯೂ ತೂಗಿಟ್ಟ ಉಣ್ಣೆಯ ಎಳೆಗಳೊಡನೆಯೂ ಕಳೆದರು.

ಅವರ ಒಂದು ಪ್ರಯೋಗ ಮನನೀಯವಾದುದು. ಹುಲ್ಲಿನ ನಡುವೆ ನಾಲ್ಕು ಕಡ್ಡಿಗಳನ್ನು ನೆಟ್ಟು, ಹುಲ್ಲಿನಿಂದ ಆರು ಅಂಗುಲ ಎತ್ತರದಲ್ಲಿ ನವುರಾದ ಒಂದು ಕರವಸ್ತ್ರವನ್ನು ಚಪ್ಪರದಂತೆ ಬಿಗಿದರು. ಪಕ್ಕಗಳೆಲ್ಲ ತೆರೆದೇ ಇದ್ದವು. ನಿರ್ಮಲವಾದ ಒಂದು ರಾತ್ರಿ, ಬಯಲಿನಲ್ಲಿದ್ದ ಹುಲ್ಲು ಸುತ್ತಣ ಗಾಳಿಗಿಂತ ೧೧ ಫ್ಯಾರನ್‌ಹೀಟ್ ಡಿಗ್ರಿಗಳಷ್ಟು ಹೆಚ್ಚು ತಣ್ಣಗಾಗಿತ್ತು. ಕರವಸ್ತ್ರದ ಅಡಿಯಲ್ಲಿದ್ದ ಹುಲ್ಲು ಕೇವಲ ೩ ಡಿಗ್ರಿಗಳಷ್ಟು ತಣ್ಣಗಾಗಿತ್ತು. ಬೆರಳಿಗೆ ತೋರದಷ್ಟು ತೆಳುವಾದ ಬಟ್ಟೆ ೮ ಡಿಗ್ರಿಗಳ ವ್ಯತ್ಯಾಸವನ್ನು ಉಂಟುಮಾಡಿತು.

ಇದರ ಕಾರಣವನ್ನು ವೆಲ್ಸರು ೧೮೧೪ರಲ್ಲಿ ಪ್ರಕಟಿಸಿದ ಇಬ್ಬನಿಯ ಮೇಲಿನ ಪ್ರಬಂಧದಲ್ಲಿ ವಿವರಿಸಿದರು. ಹಗಲೆಲ್ಲ ಬಿಸಿಲುಂಡ ನೆಲ ರಾತ್ರಿಯಲ್ಲಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶದತ್ತ ಬಿಟ್ಟುಕೊಡುತ್ತಿರುತ್ತದೆ. ಎಲೆಯೂ ಹಾಗೆಯೇ ಬಿಟ್ಟುಕೊಡುತ್ತದೆ. ಮೇಲೆ ಮೋಡವಿದ್ದರೆ ಆ ಮೋಡ ಬಹುಪಾಲನ್ನು ಹಿಂದಿರುಗಿಸುತ್ತದೆ. ಆಕಾಶ ತಿಳಿಯಾಗಿದ್ದರೆ ಕೊಟ್ಟದ್ದು ಕೊಟ್ಟಂತೆಯೇ ಹೋಗುತ್ತದೆ. ಆದುದರಿಂದಲೇ ನಕ್ಷತ್ರಗಳು ನಿಚ್ಚಳವಾಗಿ ಹೊಳೆಯುವ, ಗಾಳಿ ಅಲುಗಾಡದ ರಾತ್ರಿಯಲ್ಲಿ ಎಲೆ ತನ್ನ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿಬಿಡುತ್ತದೆ; ಅದರ ಮೇಲೆ ಇಬ್ಬನಿ ಕೂಡುತ್ತದೆ, ಇಲ್ಲವೇ ಹರಳುಗಟ್ಟುತ್ತದೆ. ತೋಟಗಾರನ ಚಾಪೆ ಗಿಡಕ್ಕೆ ಯಾವ ಶಾಖವನ್ನೂ ಕೊಡುವುದಿಲ್ಲ. ನೆಲದ ಹಾಗೂ ಗಿಡದ ಸ್ವಂತ ಶಾಖ ಬರಿಗಾಲಿನಲ್ಲಿ ಆಕಾಶಕ್ಕೆ ಓಡಿಹೋಗದಂತೆ ಅದು ಬಾಗಿಲು ಮುಚ್ಚುತ್ತದೆ. ಅರ್ಧಜ್ಞಾನದ ಗರ್ವದಿಂದ ತಾವು ತೋಟಗಾರರನ್ನು ಕಂಡು ನಕ್ಕದ್ದುಂಟೆಂದು ವೆಲ್ಸರೇ ತಮ್ಮ ಪ್ರಬಂಧದಲ್ಲಿ ಬರೆದುಕೊಂಡಿದ್ದಾರೆ. ಅದೇ ಪ್ರಬಂಧಕ್ಕಾಗಿ ಅಲ್ಲಿನ ರಾಯಲ್ ಸೊಸೈಟಿ ಅವರಿಗೆ ರಮ್‌ಫರ್ಡ್ ಪದಕವನ್ನಿತ್ತು ಗೌರವಿಸಿತು. ಪದಕ ಪಡೆದ ಪಂಡಿತನು ಓದುಬರಹವಿಲ್ಲದ ಕೆಲಸಗಾರನ ಕೈಯರಿವಿಗೆ ತಲೆಬಾಗಿದ ಈ ಪ್ರಸಂಗವನ್ನು ವಿದ್ಯಾವಂತರೆಲ್ಲರೂ ನೆನಪಿನಲ್ಲಿಡತಕ್ಕದ್ದು.

ಈ ಒಂದು ತತ್ತ್ವವನ್ನು ಗ್ರಹಿಸಿದವನಿಗೆ ಹೊದಿಕೆಯ ನಿಯಮಗಳನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ. ಶಾಖದ ಮೂಲ ನೆಲವಾದುದರಿಂದ ಹೊದಿಕೆಯ ಅಂಚು ನೆಲವನ್ನು ಮುಟ್ಟಬೇಕು. ಅನೇಕರು ಬಟ್ಟೆಯನ್ನು ಗಿಡದ ತಲೆಗೆ ಸುತ್ತಿ ಕಾಂಡಕ್ಕೆ ಬಿಗಿದು ಗಂಟು ಹಾಕುತ್ತಾರೆ. ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ನೆಲದಿಂದ ಏಳುವ ಶಾಖ ಹೊರಗೆ ಉಳಿದು, ಗಿಡ ಒಳಗೆ ಒಂಟಿಯಾಗುತ್ತದೆ. ನಾಲ್ಕು ಕೋಲುಗಳನ್ನು ನೆಟ್ಟು ಡೇರೆಯಂತೆ ಇಳಿಬಿಟ್ಟು, ಅಂಚುಗಳ ಮೇಲೆ ಕಲ್ಲು ಅಥವಾ ಇಟ್ಟಿಗೆಯನ್ನಿಡುವುದು ಸರಿಯಾದ ಕ್ರಮ. ಬಟ್ಟೆ ಎಲೆಗೆ ತಾಗದಂತೆ ನೋಡಿಕೊಳ್ಳಬೇಕು. ತಾಗಿದ ಕಡೆ ಬಟ್ಟೆಯ ಮೇಲಣ ಚಳಿ ನೇರವಾಗಿ ಎಲೆಗೆ ಇಳಿಯುತ್ತದೆ. ಹಗಲು ಬಿಸಿಲು ಬಿದ್ದಾಗ ಹೊದಿಕೆಯನ್ನು ಸರಿಸಬೇಕು; ಇಲ್ಲವಾದರೆ ರಾತ್ರಿ ಕೊಡಬೇಕಾದ ಶಾಖವನ್ನು ನೆಲ ಹಗಲಿನಲ್ಲಿ ಪಡೆಯುವುದು ಎಲ್ಲಿಂದ? ಸಂಜೆ ನೆಲ ತಣ್ಣಗಾಗುವ ಮೊದಲೇ ಮತ್ತೆ ಹೊದಿಸಬೇಕು. ನಡುರಾತ್ರಿಯಲ್ಲಿ ನೆನಪಾಗಿ ಹೊದಿಸಿದ ಬಟ್ಟೆ, ಕಳುವಾದ ಮೇಲೆ ಹಾಕಿದ ಬೀಗದಂತೆ. ಒಣಮಣ್ಣಿಗಿಂತ ತೇವವುಳ್ಳ ಮಣ್ಣು ಹೆಚ್ಚು ಶಾಖವನ್ನು ಹಿಡಿದಿಡುವುದರಿಂದ, ನೆಲದಲ್ಲಿ ನೆಟ್ಟ ಗಿಡದ ಬುಡ ತೀರ ಒಣಗಿದ್ದರೆ ಹಿಂದಿನ ದಿನ ಮಧ್ಯಾಹ್ನವೇ ಮಿತವಾಗಿ ನೀರುಣಿಸುವುದು ಒಳಿತು.

ಬಟ್ಟೆ ಯಾವುದಿರಬೇಕೆಂಬುದಕ್ಕೆ ಹೆಚ್ಚಿನ ಚರ್ಚೆ ಬೇಕಿಲ್ಲ. ಹಳೆಯ ಹತ್ತಿಯ ಹಚ್ಚಡ, ಗೋಣಿತಟ್ಟು, ತೋಟಗಾರಿಕೆಗೆಂದೇ ದೊರೆಯುವ ಫ್ಲೀಸ್ ಎಂಬ ಹಗುರವಾದ ಬಿಳಿಯ ಹೊದಿಕೆ, ಇವೆಲ್ಲವೂ ಆದೀತು. ಪ್ಲಾಸ್ಟಿಕ್ ಹಾಳೆಯನ್ನು ಎಲೆಗೆ ಅಂಟುವಂತೆ ಹೊದಿಸುವುದು ಮಾತ್ರ ಸಲ್ಲದು. ಒಳಗಿನ ಆವಿ ಹೊರಹೋಗಲಾರದೆ ಹನಿಗಟ್ಟಿ, ಗಿಡ ಚಳಿಯಿಂದ ಬದುಕಿದರೂ ಕೊಳೆತು ಸಾಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತೆಳುವಸ್ತ್ರದ ಈ ಮಹಿಮೆ ತಿಳಿಯಾದ, ಗಾಳಿಯಿಲ್ಲದ ರಾತ್ರಿಯ ಹೆಪ್ಪುಹಿಮಕ್ಕೆ ಸಂಬಂಧಿಸಿದ್ದು. ಉತ್ತರದಿಂದಲೋ ಪೂರ್ವದಿಂದಲೋ ಕೊರೆಯುವ ಗಾಳಿ ದಿನಗಟ್ಟಲೆ ಬೀಸಿ, ಹಗಲಿನಲ್ಲಿಯೂ ಉಷ್ಣತೆ ಸೊನ್ನೆಯ ಮೇಲೆ ಏಳದಿದ್ದಾಗ ತೆಳುಬಟ್ಟೆಯನ್ನು ನಂಬಿ ಕೂರುವಂತಿಲ್ಲ. ಅಂತಹ ಚಳಿಗೆ ದಪ್ಪವಾದ ಹುಲ್ಲಿನ ಕವಚ ಬೇಕು, ಗಾಳಿಗೆ ತಡೆಯಾಗಿ ಬೇಲಿ ಅಥವಾ ಗೋಡೆ ಬೇಕು. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆಂಬುದನ್ನೂ ಮರೆಯಬಾರದು. ಇಳಿಜಾರಿನ ತುದಿಯಲ್ಲಿ, ಬೇಲಿಯ ಒಳಮೂಲೆಯಲ್ಲಿ ನೆಟ್ಟ ಗಿಡ ಮೊದಲು ಸಾಯುತ್ತದೆ. ಅದಕ್ಕಿಂತ ಹತ್ತಡಿ ಮೇಲೆ ನೆಟ್ಟದ್ದು ಬದುಕಿರುತ್ತದೆ. ಇಂಗ್ಲೆಂಡಿನಂತಹ ಉತ್ತರದ ದೇಶಗಳಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇಟ್ಟಿಗೆಯ ಗೋಡೆ ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿಯಲ್ಲಿ ಪಕ್ಕದ ಗಿಡಕ್ಕೆ ಉಣಿಸುತ್ತದೆ. ಪೂರ್ವದ ಗೋಡೆಯ ಬದಿಯಲ್ಲಿ ಬೆಳಗಿನ ಬಿಸಿಲು ಹಿಮಗಟ್ಟಿದ ಮೊಗ್ಗಿನ ಮೇಲೆ ತಟ್ಟನೆ ಬೀಳುವುದರಿಂದ ಹಾನಿ ಹೆಚ್ಚು. ಗಿಡವನ್ನು ಎಲ್ಲಿ ನೆಡಬೇಕೆಂಬ ವಿವೇಕವೇ ರಕ್ಷಣೆಯ ಅರ್ಧಭಾಗ.

ಇನ್ನು ಒಂದೊಂದು ಸಸ್ಯಕ್ಕೆ ಒಂದೊಂದು ಉಪಚಾರ. ಮೆಕ್ಸಿಕೋ ಮೂಲದ ಡೇರೆ ಹೂವಿನ ಗಿಡ ೧೭೮೯ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರಕ್ಕೆ ಬಂದು, ಅಲ್ಲಿಂದ ಯೂರೋಪಿನ ತೋಟಗಳಿಗೆಲ್ಲ ಹರಡಿತು. ಮೊದಲ ಹೆಪ್ಪುಹಿಮಕ್ಕೆ ಅದರ ಎಲೆಗಳು ಕಪ್ಪಾಗುತ್ತವೆ. ಹೊಸಬರು ಗಿಡ ಸತ್ತಿತೆಂದು ಎಸೆಯುತ್ತಾರೆ. ಬಲ್ಲವರು ಅದನ್ನೇ ಸೂಚನೆಯೆಂದು ತಿಳಿದು, ದಂಟನ್ನು ಅರ್ಧ ಅಡಿಗೆ ಕತ್ತರಿಸಿ, ಗೆಡ್ಡೆಗಳನ್ನು ಜೋಪಾನವಾಗಿ ಅಗೆದು, ದಂಟಿನ ನೀರು ಬಸಿಯುವಂತೆ ಕೆಲವು ದಿನ ತಲೆಕೆಳಗಾಗಿ ಒಣಗಿಸಿ, ಹಿಮ ಸುಳಿಯದ ಕೋಣೆಯಲ್ಲಿ ಒಣಮರಳಿನಲ್ಲಿ ಹೂತಿಡುತ್ತಾರೆ. ವಸಂತದಲ್ಲಿ ಆ ಗೆಡ್ಡೆ ಮತ್ತೆ ಚಿಗುರುತ್ತದೆ. ಎಲೆ ಹೋದರೂ ಗೆಡ್ಡೆ ಉಳಿದರೆ ಗಿಡ ಉಳಿದಂತೆಯೇ.

ಬಾಳೆಯ ವಿಷಯವೂ ಹೀಗೆಯೇ. ದಕ್ಷಿಣ ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಬಹುಕಾಲದಿಂದ ಬೆಳೆಸಲ್ಪಟ್ಟ ಬಾಸ್ಜೂ ಎಂಬ ಬಾಳೆಯ ಜಾತಿ ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ಜನಪ್ರಿಯವಾಗಿದೆ. ನಮ್ಮ ಬಾಳೆಗಿಂತ ಗಟ್ಟಿಜೀವದ್ದಾದರೂ ಅದರ ಎಲೆ ಮೊದಲ ಹಿಮಕ್ಕೇ ಸುಟ್ಟಂತಾಗುತ್ತದೆ. ಆಗ ಎಲೆಗಳನ್ನು ಕತ್ತರಿಸಿ, ದಿಂಡಿನ ಸುತ್ತ ಒಂದು ಗೇಣು ದೂರದಲ್ಲಿ ತಂತಿಯ ಬಲೆಯನ್ನು ಗೂಡಿನಂತೆ ನಿಲ್ಲಿಸಿ, ನಡುವಣ ಜಾಗಕ್ಕೆ ಒಣಹುಲ್ಲನ್ನು ಸಡಿಲವಾಗಿ ತುಂಬುತ್ತಾರೆ. ಮೇಲೆ ಮಳೆನೀರು ಇಳಿಯದಂತೆ ಮುಚ್ಚಳ ಹಾಕುತ್ತಾರೆ. ಹುಲ್ಲನ್ನು ಒತ್ತಿ ಗಿಡಿಯುವುದು ತಪ್ಪು. ಕಾಯುವುದು ಹುಲ್ಲಿಗಿಂತ ಹೆಚ್ಚಾಗಿ ಅದರ ನಡುವೆ ನಿಂತ ಗಾಳಿ. ಒದ್ದೆಹುಲ್ಲು ಕಾಯುವುದಿಲ್ಲ, ಕೊಳೆಸುತ್ತದೆ. ದಿಂಡು ಸತ್ತರೂ ಬುಡದ ಮೇಲೆ ಒಂದಡಿ ದಪ್ಪ ಒಣ ಎಲೆಗಳನ್ನು ಹರಡಿದ್ದರೆ ಗೆಡ್ಡೆಯಿಂದ ಹೊಸ ಕಂದುಗಳು ಏಳಬಲ್ಲವು. ಆಸ್ಟ್ರೇಲಿಯದಿಂದ ಬಂದ ಮರಜರಿ ಗಿಡಕ್ಕೆ ಜೀವಸ್ಥಾನವಿರುವುದು ನೆತ್ತಿಯಲ್ಲಿ. ಆದುದರಿಂದ ಅದರ ನೆತ್ತಿಯ ಕುಳಿಗೆ ಒಣಹುಲ್ಲನ್ನು ತುಂಬಿ, ಅದರದೇ ಗರಿಗಳನ್ನು ಮೇಲಕ್ಕೆ ಮಡಿಚಿ ಕಟ್ಟುತ್ತಾರೆ. ಯಾವ ಸಸ್ಯದ ಪ್ರಾಣ ಎಲ್ಲಿದೆಯೆಂದು ಅರಿತು ಅಲ್ಲಿಗೆ ಮೊದಲು ಹೊದಿಸುವುದೇ ಸಾರ.

ಜಪಾನಿನ ಕ್ಯೋಟೋ ನಗರದ ನಿಜೋ ಕೋಟೆಯಲ್ಲಿ ದಕ್ಷಿಣದ ಬೆಚ್ಚನೆಯ ಸೀಮೆಯ ಸೈಕಾಸ್ ಗಿಡಗಳಿವೆ. ಪ್ರತಿವರ್ಷ ಚಳಿಗಾಲದ ಆರಂಭದಲ್ಲಿ ಅಲ್ಲಿಯ ಕೆಲಸಗಾರರು ಭತ್ತದ ಹುಲ್ಲಿನಿಂದ ಆ ಗಿಡಗಳಿಗೆ ಮೈತುಂಬ ಅಂಗಿ ತೊಡಿಸುತ್ತಾರೆ. ವಸಂತ ಬರುತ್ತಲೇ ಬಿಚ್ಚುತ್ತಾರೆ. ಹುಲ್ಲಂಗಿ ತೊಟ್ಟ ಆ ಗಿಡಗಳನ್ನು ನೋಡಲೆಂದೇ ಜನರು ಹೋಗುವುದುಂಟು. ದೂರ ಹೋಗುವುದೇಕೆ, ನಮ್ಮ ನೆರೆಯ ನೀಲಗಿರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರ್ ಎತ್ತರದ ಉದಕಮಂಡಲದಲ್ಲಿ, ಡಿಸೆಂಬರ್ ಮತ್ತು ಜನವರಿಯ ತಿಳಿಯಾದ ರಾತ್ರಿಗಳಲ್ಲಿ ಹುಲ್ಲುಗಾವಲು ಬೆಳ್ಳಗಾಗುತ್ತದೆ, ಚಹದ ಚಿಗುರು ಕರಕಲಾಗುತ್ತದೆ. ಮೆಕೈವರ್ ಎಂಬ ತೋಟಗಾರಿಕಾ ತಜ್ಞನು ೧೮೪೮ರಲ್ಲಿ ರೂಪಿಸತೊಡಗಿದ ಅಲ್ಲಿನ ಸಸ್ಯೋದ್ಯಾನದಲ್ಲಿ ಕೋಮಲವಾದ ಹೂಗಿಡಗಳಿಗೆ ಸಂಜೆ ಹೊದಿಕೆ ಹಾಕುವ ಕೆಲಸ ಚಳಿಗಾಲದ ನಿತ್ಯಕರ್ಮಗಳಲ್ಲೊಂದು.

ಎಷ್ಟೇ ಎಚ್ಚರವಿದ್ದರೂ ಮನುಷ್ಯಪ್ರಯತ್ನಕ್ಕೆ ಮೀರಿದ ಚಳಿ ಒಮ್ಮೊಮ್ಮೆ ಬಂದೇ ಬರುತ್ತದೆ. ಇಂಗ್ಲೆಂಡಿನ ನೈಋತ್ಯ ತುದಿಯಾಚೆಗೆ ಸಮುದ್ರದಲ್ಲಿರುವ ಸಿಲ್ಲಿ ದ್ವೀಪಗಳಲ್ಲಿ ಟ್ರೆಸ್ಕೋ ಎಂಬುದೊಂದು ಪುಟ್ಟ ದ್ವೀಪ. ಸಾಗರದ ಬೆಚ್ಚನೆಯ ಪ್ರವಾಹದ ಕೃಪೆಯಿಂದ ಅಲ್ಲಿ ಹೆಪ್ಪುಹಿಮ ಅಪರೂಪ. ೧೮೩೪ರಲ್ಲಿ ಆ ದ್ವೀಪಗಳನ್ನು ಗುತ್ತಿಗೆಗೆ ಪಡೆದ ಆಗಸ್ಟಸ್ ಸ್ಮಿತ್ ಎಂಬವನು ಹಾಳುಬಿದ್ದ ಮಠವೊಂದರ ಗೋಡೆಗಳ ಸುತ್ತ ತೋಟವನ್ನು ಆರಂಭಿಸಿದನು. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೊದಲಾದ ದೂರದೇಶಗಳ ಗಿಡಗಳು ಅಲ್ಲಿ ತಲೆಮಾರುಗಳ ಕಾಲ ಬಯಲಿನಲ್ಲಿಯೇ ಬೆಳೆದವು. ೧೯೮೭ರ ಜನವರಿಯಲ್ಲಿ ಅಲ್ಲಿಗೆ ಹಿಂದೆಂದೂ ಕಾಣದಂತಹ ಹಿಮ ಬಂದಿತು. ನೂರಕ್ಕೆ ಎಂಬತ್ತರಷ್ಟು ಗಿಡಗಳು ನಾಶವಾದವು. ಒಂದೂವರೆ ಶತಮಾನದ ದುಡಿಮೆ ಕೆಲವೇ ದಿನಗಳಲ್ಲಿ ಕಪ್ಪಾಗಿ ನಿಂತಿತು. ಮತ್ತೆ ನೆಡಲಾರಂಭಿಸಿದ ಮೂರೇ ವರ್ಷಕ್ಕೆ, ೧೯೯೦ರ ಜನವರಿಯಲ್ಲಿ ಭೀಕರ ಬಿರುಗಾಳಿ ಬೀಸಿ, ತೋಟಕ್ಕೆ ಗಾಳಿತಡೆಯಾಗಿದ್ದ ಹಳೆಯ ಮರಗಳ ಸಾಲನ್ನು ಉರುಳಿಸಿತು. ಆ ತೋಟದವರು ಕೈಕಟ್ಟಿ ಕೂರಲಿಲ್ಲ. ಬಿದ್ದ ಮರಗಳನ್ನು ತೆರವು ಮಾಡಿ, ಗಾಳಿತಡೆಯ ಸಾಲುಗಳನ್ನು ಹೊಸದಾಗಿ ನೆಟ್ಟು, ತೋಟವನ್ನು ಪುನಃ ಕಟ್ಟಿದರು. ಇಂದು ಅಲ್ಲಿಗೆ ಹೋದವರು ಆ ನಾಶದ ಗುರುತನ್ನು ಹುಡುಕಿ ಕಾಣಬೇಕು.

ಇದರಿಂದ ಗೃಹಸ್ಥರು ಕಲಿಯಬೇಕಾದ ಪಾಠವೊಂದಿದೆ. ಪ್ರೀತಿಯ ಗಿಡ ಒಂದೇ ಇದ್ದರೆ ಅದನ್ನು ಕಳೆದುಕೊಳ್ಳುವ ದಿನ ಎಂದಾದರೊಂದು ದಿನ ಬಂದೀತು. ಬೇಸಿಗೆಯ ಕೊನೆಯಲ್ಲಿಯೇ ಜರೇನಿಯಂ ಮೊದಲಾದವುಗಳ ತುಂಡುಗಳನ್ನು ಚಿಕ್ಕ ಕುಂಡಗಳಲ್ಲಿ ಬೇರುಬರಿಸಿ ಕಿಟಕಿಯ ಬಳಿ ಇಟ್ಟುಕೊಳ್ಳಬೇಕು. ಒಂದೆರಡನ್ನು ನೆರೆಯವರಿಗೂ ಸ್ನೇಹಿತರಿಗೂ ಕೊಡಬೇಕು. ನಮ್ಮ ಮನೆಯಲ್ಲಿ ಸತ್ತದ್ದು ಅವರ ಮನೆಯಲ್ಲಿ ಬದುಕಿದ್ದರೆ ಅಲ್ಲಿಂದ ಮರಳಿ ಪಡೆಯಬಹುದು. ಕೊಟ್ಟದ್ದು ತನಗೆ ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿಯೂ ಉತ್ತರ ಅಮೆರಿಕೆಯಲ್ಲಿಯೂ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಕರಿಬೇವು, ತುಳಸಿ, ದುಂಡುಮಲ್ಲಿಗೆ, ವೀಳ್ಯದೆಲೆಯ ಬಳ್ಳಿಗಳನ್ನು ಕುಂಡಗಳಲ್ಲಿ ಸಾಕುವುದು ಸಾಮಾನ್ಯ. ನಮ್ಮ ಹಿತ್ತಿಲಿನಲ್ಲಿ ಯಾರ ಆರೈಕೆಯನ್ನೂ ಬಯಸದೆ ಬೆಳೆಯುವ ಕರಿಬೇವು ಅಲ್ಲಿ ಪರದೇಶದ ಕೋಮಲ ಸಸ್ಯವಾಗುತ್ತದೆ. ಒಗ್ಗರಣೆಗೆ ನಾಲ್ಕು ಎಲೆ ಕಿತ್ತುಕೊಳ್ಳುವುದರಲ್ಲಿ ತವರಿನ ನೆನಪಿರುತ್ತದಾದ್ದರಿಂದ, ಅಂತಹ ಗಿಡ ಒಂದು ಚಳಿಗಾಲದಲ್ಲಿ ಒಣಗಿದರೆ ಮನೆಯ ಹೆಣ್ಣುಮಕ್ಕಳಿಗೆ ಆಗುವ ನೋವು ಸಣ್ಣದಲ್ಲ. ಈ ಗಿಡಗಳಿಗೆ ಹೊರಗಿನ ಹೊದಿಕೆ ಸಾಲದು. ರಾತ್ರಿಯ ಉಷ್ಣತೆ ೧೦ ಸೆಲ್ಸಿಯಸ್ ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಅವನ್ನು ಒಳಗೆ ತರಬೇಕು. ಬಿಸಿಲುನಾಡಿನ ಅನೇಕ ಸಸ್ಯಗಳಿಗೆ ಹಿಮಗಟ್ಟುವ ಮೊದಲೇ, ಬರಿಯ ತಂಪಿನಿಂದಲೇ ಪೆಟ್ಟು ಬೀಳುತ್ತದೆ.

ಒಳಗೆ ತಂದ ಮೇಲೆ ಹೆಚ್ಚಿನ ಗಿಡಗಳನ್ನು ಕೊಲ್ಲುವುದು ಚಳಿಗಿಂತ ಅತಿಯಾದ ಉಪಚಾರ. ಬೆಳಕು ಕಡಿಮೆಯಾಗಿ ಗಿಡ ಅರೆನಿದ್ರೆಯಲ್ಲಿರುವಾಗ ದಿನವೂ ನೀರು ಸುರಿದರೆ ಬೇರು ಕೊಳೆಯುತ್ತದೆ. ಮೇಲ್ಮಣ್ಣು ಒಂದಂಗುಲದಷ್ಟು ಒಣಗಿದ ಮೇಲೆ ಮಾತ್ರ ನೀರು ಹಾಕಬೇಕು; ಆ ಕಾಲದಲ್ಲಿ ಗೊಬ್ಬರ ಬೇಡ. ಮನೆಯನ್ನು ಕಾಯಿಸುವ ರೇಡಿಯೇಟರಿನ ಪಕ್ಕದಲ್ಲಿಟ್ಟರೆ ಒಣಗಾಳಿಗೆ ಎಲೆ ಉದುರಿ ಜೇಡನುಸಿ ಹತ್ತುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಕು. ರಾತ್ರಿ ಎಲೆಗಳು ತಣ್ಣನೆಯ ಗಾಜಿಗೆ ತಾಗದಂತೆ ಸ್ವಲ್ಪ ಹಿಂದಕ್ಕೆ ಸರಿಸಬೇಕು. ಕರಿಬೇವು ಚಳಿಗಾಲದಲ್ಲಿ ಎಲೆಗಳನ್ನು ಪೂರ್ತಿಯಾಗಿ ಉದುರಿಸಿದರೂ ಗಾಬರಿಯಾಗಿ ಎಸೆಯಬಾರದು. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೊಂಚ ಗೀರಿ ನೋಡಬೇಕು. ಒಳಗೆ ಹಸುರಿದ್ದರೆ ಜೀವವಿದೆ. ತುಳಸಿಯ ಆಯುಸ್ಸು ಅಲ್ಲಿ ಕಡಿಮೆ. ಆದುದರಿಂದ ತೆನೆ ಒಣಗಿದಾಗಲೇ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಎತ್ತಿಟ್ಟು ವಸಂತದಲ್ಲಿ ಬಿತ್ತುವುದು ಜಾಣತನ.

ಇದರೊಡನೆ ಒಂದು ಮಾತನ್ನು ಹಿರಿಯರ ಗಮನಕ್ಕೆ ತರಲೇಬೇಕು. ಮಕ್ಕಳಿಗೆ ಪ್ರೀತಿಯಿಂದ ಕರಿಬೇವಿನ ಸಸಿಯನ್ನೋ ಹಸಿಸೊಪ್ಪನ್ನೋ ಪೆಟ್ಟಿಗೆಯೊಳಗೆ ಮರೆಮಾಡಿ ಒಯ್ಯುವುದು ಸಲ್ಲದು. ಕಿತ್ತಳೆ, ನಿಂಬೆಗಳ ಹಳದಿರೋಗವನ್ನು ಹರಡುವ ಪುಟ್ಟ ಕೀಟವೊಂದು ಕರಿಬೇವಿನ ಚಿಗುರಿನಲ್ಲಿ ವಾಸಿಸುತ್ತದೆ. ಈ ಕಾರಣದಿಂದ ಅಮೆರಿಕ ಮೊದಲಾದ ದೇಶಗಳು ಅದನ್ನು ತರಲು ಬಿಡುವುದಿಲ್ಲ. ನಮ್ಮ ಒಂದು ಸಸಿಯ ಆಸೆಗಾಗಿ ಇನ್ನೊಬ್ಬ ರೈತನ ತೋಟ ಒಣಗಬಾರದು. ಆಯಾ ದೇಶದ ನರ್ಸರಿಗಳಲ್ಲಿ ಪರೀಕ್ಷೆಗೆ ಒಳಪಟ್ಟ ಸಸಿಗಳು ದೊರೆಯುತ್ತವೆ. ಅವನ್ನು ಕೊಳ್ಳುವುದೇ ಧರ್ಮಸಮ್ಮತವಾದ ಮಾರ್ಗ.

ಚಳಿಗಾಲ ಕಳೆಯುವ ಹೊತ್ತಿಗೆ ಆತುರ ಹೆಚ್ಚುತ್ತದೆ. ಮಾರ್ಚಿಯಲ್ಲಿ ನಾಲ್ಕು ದಿನ ಬಿಸಿಲು ಬಂದೊಡನೆ ಎಲ್ಲ ಹೊದಿಕೆಗಳನ್ನೂ ಕಿತ್ತೆಸೆದವರು ಏಪ್ರಿಲಿನ ಒಂದು ರಾತ್ರಿಯಲ್ಲಿ ಎಲ್ಲವನ್ನೂ ಕಳೆದುಕೊಳ್ಳುವುದುಂಟು. ಇಂಗ್ಲೆಂಡಿನ ಬಹುಭಾಗದಲ್ಲಿ ಮೇ ತಿಂಗಳ ಮಧ್ಯದವರೆಗೂ ಹೆಪ್ಪುಹಿಮದ ಭಯವಿರುತ್ತದೆ. ಒಳಗಿದ್ದ ಕುಂಡಗಳನ್ನು ಮೊದಲ ದಿನ ಒಂದೆರಡು ಗಂಟೆ ನೆರಳಿನಲ್ಲಿ ಹೊರಗಿಟ್ಟು, ದಿನದಿನಕ್ಕೆ ಕಾಲವನ್ನು ಹೆಚ್ಚಿಸುತ್ತ, ಹತ್ತು ಹದಿನೈದು ದಿನಗಳಲ್ಲಿ ಬಿಸಿಲಿಗೂ ಗಾಳಿಗೂ ಒಗ್ಗಿಸಬೇಕು. ಹಿಮಕ್ಕೆ ಸುಟ್ಟ ಕೊಂಬೆಗಳನ್ನು ಕೂಡಲೇ ಕತ್ತರಿಸುವುದೂ ಸಲ್ಲದು. ಆ ಒಣಕೊಂಬೆಗಳೇ ಒಳಗಿನ ಮೊಗ್ಗುಗಳಿಗೆ ಉಳಿದ ಚಳಿಯಲ್ಲಿ ಮರೆಯಾಗುತ್ತವೆ. ಸತ್ತಂತೆ ಕಾಣುವ ಬುಡವನ್ನು ಅಗೆದು ಎಸೆಯುವ ಮುನ್ನ ಜೂನ್ ಕೊನೆಯವರೆಗಾದರೂ ಕಾಯಬೇಕು. ಮಣ್ಣಿನೊಳಗೆ ಏನು ನಡೆಯುತ್ತಿದೆಯೆಂಬುದು ಅವಸರದವನ ಕಣ್ಣಿಗೆ ತೋರುವುದಿಲ್ಲ.

ಚಾಟ್ಸ್‌ವರ್ತಿನ ಎಂಟು ಬಾಯ್ಲರುಗಳು ಆರಿ ನೂರಕ್ಕೂ ಹೆಚ್ಚು ವರ್ಷಗಳಾದವು. ತೋಟಗಾರನ ಚಾಪೆಯ ವಿದ್ಯೆ ಇಂದಿಗೂ ಕೆಲಸ ಮಾಡುತ್ತಿದೆ. ಮೊದಲನೆಯದು ಹೊರಗಿನಿಂದ ಶಾಖವನ್ನು ತಂದು ತುಂಬಿತು. ಎರಡನೆಯದು ನೆಲಕ್ಕೆ ಇದ್ದ ಶಾಖವನ್ನೇ ಹೋಗದಂತೆ ಕಾದಿತು. ಮನೆಯ ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿರುವ ತಂದೆತಾಯಿಗಳು ಈ ಭೇದವನ್ನು ಗಿಡಗಳ ವಿಷಯದಲ್ಲಷ್ಟೇ ಅಲ್ಲದೆ ತಮ್ಮ ವಿಷಯದಲ್ಲಿಯೂ ಯೋಚಿಸಿ ನೋಡಬಹುದು. ಕೊಡುವ ಶಕ್ತಿ ನಮ್ಮಲ್ಲಿ ಹೆಚ್ಚಿಲ್ಲದಿರಬಹುದು. ಅವರಲ್ಲಿರುವುದು ಚೆದುರಿಹೋಗದಂತೆ ವಾರಕ್ಕೊಂದು ಸಲ ಆಡುವ ನಾಲ್ಕು ಮಾತುಗಳೇ ಸಾಕಾದೀತು. ಈ ಚಳಿಗಾಲದಲ್ಲಿ ಅಲ್ಲಿಂದ ಕರೆ ಬಂದಾಗ, ಕರಿಬೇವಿನ ಕುಂಡವನ್ನು ಒಳಗೆ ತಂದಿರೋ ಇಲ್ಲವೋ ಎಂದು ಮರೆಯದೆ ಕೇಳಿರಿ.